ಬಚ್ಚಲಿನ ತಿಳಿನೀರು

ಹೊಸ ಕೆಲಸದ ಮೊದಲ ದಿನ ಮುಗಿಸಿ ಗಂಡ ಮನೆಯೊಳಗೆ ಕಾಲಿಟ್ಟಾಗ ಹೆಂಡತಿಯ ಎದೆ ಧಸಕ್ಕೆಂದಿತು. ಮುಖ ಸ್ವಚ್ಛ, ಉಗುರು ಸ್ವಚ್ಛ, ಅಂಗಿಯ ಮೇಲೆ ಒಂದು ಚುಕ್ಕೆ ಮಸಿಯೂ ಇಲ್ಲ.

"ಅರ್ಧಕ್ಕೇ ಬಿಟ್ಟು ಬಂದ್ರಾ?"

"ಯಾರು ಹೇಳಿದ್ದು? ಸಂಜೆವರೆಗೂ ದುಡಿದಿದ್ದೀನಿ ಕಣೇ."

"ಹೌದೌದು. ಮದುವೆ ಮನೆಗೆ ಹೋಗಿ ಬಂದ ಹಾಗಿದ್ದೀರಿ."

ಅವಳ ತವರೂ ಕಲ್ಲಿದ್ದಲು ಅಗೆಯುವವರ ಮನೆ, ಸೇರಿದ್ದೂ ಅಂಥದ್ದೇ ಮನೆ. ಗಂಡಸು ಮಸಿ ಮೆತ್ತಿಕೊಂಡು ಬಂದರೆ ದುಡಿದು ಬಂದನೆಂದು ಅರ್ಥ. ಬೆಳ್ಳಗೆ ಬಂದರೆ ಅವತ್ತು ಒಲೆ ಹಚ್ಚುವ ಮೊದಲು ಯೋಚಿಸಬೇಕು. ಈಗ ಗಣಿ ಮುಚ್ಚಿದೆ. ಅದರ ಮೇಲಿನ ಬಯಲಲ್ಲೇ ಸೋಲಾರ್ ಹಲಗೆ ಕೂರಿಸುವ ಕೆಲಸವನ್ನು ಹಳೆಯ ಕೆಲಸಗಾರರಿಗೇ ಕಲಿಸಿ ಕೊಟ್ಟಿದ್ದಾರೆ. ಅದು ಗಂಡನ ಕೈಗೆ ಹತ್ತದಿದ್ದರೆ ದೂರದ ಇನ್ನೊಂದು ಗಣಿಗೆ, ಅವಳ ಅಣ್ಣನ ಬಳಿಗೆ ಹೋಗುವುದೆಂದು ಮಾತಾಗಿತ್ತು. ಮಂಚದ ಕೆಳಗೆ ಟ್ರಂಕು ಆಗಲೇ ತುಂಬಿ ಕೂತಿತ್ತು. ಈ ಮನೆ ಬಿಡುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಮುಖ ಊದಿಸಿಕೊಂಡೇ ಬಚ್ಚಲಲ್ಲಿ ಬಿಸಿನೀರು ತೋಡಿದಳು. ಬೆನ್ನು ಉಜ್ಜುವುದು ಮೊದಲಿನಿಂದಲೂ ಅವಳ ಪಾಲಿನ ಕೆಲಸ. ಅಂಗಿ ಕಳಚಿ ಅವನು ಬೆನ್ನು ತಿರುಗಿಸಿ ಕೂತ. ಕಾಲರಿನ ಗೆರೆಯಿಂದ ಮೇಲೆ ಕತ್ತೆಲ್ಲ ಕಪ್ಪು! ಅವಳಿಗೆ ಹೋದ ಜೀವ ಬಂದಂತಾಯಿತು. ಸೋಪು ಹಚ್ಚಿ, ಒರಟು ಬಟ್ಟೆ ಹಿಡಿದು, ಹಳೆಯ ಹುರುಪಿನಲ್ಲಿ ಉಜ್ಜತೊಡಗಿದಳು.

"ಅಯ್ಯಯ್ಯೋ! ಚರ್ಮ ಸುಲೀತೀಯೇನೇ?"

"ಸುಮ್ನಿರಿ, ಮಸಿ ಹೋಗ್ತಿಲ್ಲ."

"ಮಸಿಯಲ್ಲ ಮಹಾತಾಯಿ, ಬಿಸಿಲು! ಇಡೀ ದಿನ ಬಗ್ಗಿ ನಟ್ಟು ಬಿಗಿದಿದ್ದೀನಿ. ಅಭ್ಯಾಸಬಲ ನೋಡು, ಗಣಿಯ ಹೆಲ್ಮೆಟ್ಟೇ ಹಾಕ್ಕೊಂಡು ಹೋಗಿದ್ದೆ. ತಲೆಯೇನೋ ಉಳೀತು, ಕತ್ತಿಗೆ ಯಾರು ಗತಿ? ನಾಳೆಯಿಂದ ಹಲಗೆಗಳ ಒಂದು ಸಾಲು ಪೂರ್ತಿ ನಿನ್ನದೇ ಅಂದ್ರು ಮೇಸ್ತ್ರಿ. ಇನ್ನೂ ಜನ ಬೇಕಂತೆ."

ಅವಳ ಕೈ ನಿಂತಿತು. ಬಚ್ಚಲ ಕಲ್ಲಿನ ಮೇಲೆ ಹರಿಯುತ್ತಿದ್ದ ನೀರನ್ನು ನೋಡಿದಳು. ಸೋಪಿನ ನೊರೆ ಬಿಟ್ಟರೆ ಕುಡಿಯುವ ನೀರಿನಷ್ಟು ತಿಳಿಯಾಗಿತ್ತು. ಅವಳಿಗೆ ನಗು ಬಂತು, ನಗುತ್ತಲೇ ಕಣ್ಣೂ ಒದ್ದೆಯಾಯಿತು. ಉರಿಯುವ ಕತ್ತಿಗೆ ತಣ್ಣೀರು ಬಟ್ಟೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಫೋನ್ ಎತ್ತಿದಳು.

"ಅಣ್ಣಾ, ನಾವು ಬರಲ್ಲ. ನೀನೇ ಇಲ್ಲಿಗೆ ಬಾ. ಬರುವಾಗ ಅಗಲ ಅಂಚಿನ ಟೋಪಿ ಎರಡು ತಗೊಂಡು ಬಾ. ಇವರಿಗೊಂದು, ನಿನಗೊಂದು."