ಹಿಡಿಯುವವರಿಲ್ಲದ ಏಣಿ

ಪಕ್ಷದ ಜಿಲ್ಲಾ ಅಧ್ಯಕ್ಷರನ್ನು ಆರಿಸಲು ಆ ತಾಲ್ಲೂಕಿಗೆ ಇದ್ದದ್ದು ಎರಡೇ ಓಟು: ಮೂಡ್ಲಗಿರಿಯದೊಂದು, ಕರಿಯಣ್ಣನದೊಂದು. ಹುಡುಗರಾಗಿದ್ದಾಗಿನಿಂದ ಪಕ್ಷದ ಬಾವುಟ ಕಟ್ಟುವಾಗ ಒಬ್ಬ ಏಣಿ ಹತ್ತಿದರೆ ಇನ್ನೊಬ್ಬ ಕೆಳಗೆ ನಿಂತು ಹಿಡಿದುಕೊಳ್ಳುತ್ತಿದ್ದ. ಈ ಸಲ ಕಣದಲ್ಲಿದ್ದ ಇಬ್ಬರಲ್ಲಿ ಮೂಡ್ಲಗಿರಿ ವಕೀಲರ ಕಡೆ, ಕರಿಯಣ್ಣ ಮೇಷ್ಟ್ರ ಕಡೆ. ಇಬ್ಬರೂ ಬೇರೆ ಬೇರೆ ಏಣಿ ತಂದರು.

"ಮೇಷ್ಟ್ರಿಗೆ ಓಟ್ ಹಾಕಿದ್ರೆ ನನ್ ಮನೆ ಮೆಟ್ಲು ತುಳೀಬೇಡ," ಎಂದಿದ್ದ ಮೂಡ್ಲಗಿರಿ.

"ವಕೀಲ್ರಿಗೆ ಹಾಕಿದ್ರೆ ನನ್ ಹೆಣ ನೋಡಕ್ಕೂ ಬರಬೇಡ," ಎಂದಿದ್ದ ಕರಿಯಣ್ಣ.

ಓಟು ಹಾಕಿ ಬಂದ ಮರುದಿನ ಕರಿಯಣ್ಣ ಬ್ಯಾನರ್ ಬಿಚ್ಚಲು ಒಬ್ಬನೇ ಏಣಿ ಹತ್ತಿದ. ಏಣಿ ಜಾರಿತು. ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದಾಗಲೇ ಯಾರದೋ ಮೊಬೈಲಿಗೆ ಫಲಿತಾಂಶ ಬಂತು.

"ನಮ್ ತಾಲ್ಲೂಕಲ್ಲಿ ವಕೀಲ್ರಿಗೊಂದು, ಮೇಷ್ಟ್ರಿಗೊಂದು."

ಕರಿಯಣ್ಣನ ಹೆಂಡತಿ ಅಂಗಳದಾಚೆ ನಿಂತಿದ್ದ ಮೂಡ್ಲಗಿರಿಯನ್ನು ನೋಡಿದಳು.

"ಕೊನೇಗೂ ಇಬ್ರೂ ಹಠ ಬಿಡ್ಲಿಲ್ಲ. ಬರಬೇಡ ಅಂದಿದ್ರಲ್ಲ, ಯಾಕ್ ಬಂದೆ ಅಣ್ಣಾ?"

"ನಾನು ಮೇಷ್ಟ್ರಿಗೇ ಹಾಕ್ದೆ ಕಣವ್ವಾ," ಎಂದ ಮೂಡ್ಲಗಿರಿ, ಹತ್ತಿರ ಬಂದು ಹೆಣದ ಕಾಲು ಹಿಡಿದು. "ವಕೀಲ್ರಿಗೆ ಹಾಕಿರೋದು ಇವ್ನು."