ಹೊಳೆಯೊಳಗೆ ಕಾದವನು

ಫೋನಿನ ಪರದೆಯ ಮೇಲೆ ವಿದ್ಯಾಶ್ರೀಯ ಸಿಪಾಯಿ ಮುಗ್ಗರಿಸಿ ಬಿದ್ದ. ಹೊಳೆಯಿಂದ ದಂಡೆಗೆ ಹತ್ತಿದವನೊಬ್ಬ ಹಿಂದಿನಿಂದ ಗುಂಡು ಹಾರಿಸಿದ್ದ. ಬೆಟಗೇರಿಯ ಸಭಾಭವನದಲ್ಲಿ ಚಪ್ಪಾಳೆ ಎದ್ದಿತು; ಮೊಬೈಲ್ ಗೇಮ್ ಪಂದ್ಯಾವಳಿಯ ಸೆಮಿಫೈನಲ್ ಅವಳ ಕೈತಪ್ಪಿತ್ತು. ಅಳು ಬರಬೇಕಿತ್ತು, ಬಂದದ್ದು ಒಂದು ಪ್ರಶ್ನೆ. ಗೆದ್ದ ಕೊರ್ಲಹಳ್ಳಿಯ ಸೋಮೇಶ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಅವಳು ಕುರ್ಚಿ ಎಳೆದುಕೊಂಡು ಅವನೆದುರು ಕುಳಿತಳು.

"ಅಲ್ರಿ, ಈ ಆಟದಾಗ ನೀರಿಗಿಳಿದ್ರ ಬಂದೂಕು ಹಾರಿಸಾಕ ಬರೂದಿಲ್ಲ. ಅದಕ್ಕ ಯಾರೂ ಇಳಿಯೂದಿಲ್ಲ. ನೀವ್ಯಾಕ ಅಲ್ಲೇ ಕಾದ್ರಿ?"

ಸೋಮೇಶ ನಾಚಿಕೊಂಡ. "ನಮ್ಮೂರು ತುಂಗಭದ್ರಾ ದಂಡಿ ಮ್ಯಾಲ ಐತ್ರಿ. ಹೊಳಿಗೆ ಬಂದಾಂವ ಆಚೀ ದಂಡಿ ನೋಡ್ತಾನ, ಕಾಲಬುಡಕಿನ ನೀರು ನೋಡೂದಿಲ್ಲ. ನೀವೂ ನೋಡ್ಲಿಲ್ಲ."

ಹೌದು, ನೋಡಿರಲಿಲ್ಲ. ಒಂದು ಗೆಲುವಿನ ಹಿಂದೆ ಒಂದು ಊರೇ ಇರಬಹುದೆಂದು ಅವಳಿಗೆ ಈವರೆಗೆ ಅನ್ನಿಸಿರಲಿಲ್ಲ. ಆಟ ಮುಚ್ಚಿ, ರೆಕಾರ್ಡರ್ ಒತ್ತಿ, ಫೋನನ್ನು ಇಬ್ಬರ ನಡುವೆ ಮೇಜಿನ ಮೇಲಿಟ್ಟಳು.

"ಪೇಪರಿಗೆ ಹಾಕ್ತೀರೇನ್ರಿ?" ಸೋಮೇಶ ಅಂಜುತ್ತ ಕೇಳಿದ.

ಆ ಕ್ಷಣದವರೆಗೆ ಅವಳಿಗೂ ಅದು ಗೊತ್ತಿರಲಿಲ್ಲ. "ಹೂಂ, ಬರೀತೀನಿ" ಅಂದಳು.

ಮೈಕಿನಲ್ಲಿ ಅವಳ ಹೆಸರು ಬಂತು. ಮೂರನೇ ಸ್ಥಾನದ ಪಂದ್ಯ. ಹುಬ್ಬಳ್ಳಿಯಲ್ಲಿ ನಡೆಯುವ ಮುಂದಿನ ಸುತ್ತಿಗೆ ಹೋಗಲು ಉಳಿದಿದ್ದ ಕೊನೆಯ ಅವಕಾಶ. ಹೆಸರು ಇನ್ನೊಮ್ಮೆ ಬಂತು.

"ನಿಮ್ಮನ್ನ ಕರ್ಯಾಕತ್ತಾರ" ಅಂದ ಸೋಮೇಶ.

"ಕರೀಲಿ ಬಿಡ್ರಿ. ನೀರಾಗಿಂದ ನಾ ನಿಮಗ ಹೆಂಗ ಕಾಣಾಕತ್ತಿದ್ದೆ, ಅದನ್ನ ಹೇಳ್ರಿ."