ಹನ್ನೊಂದು ಜನರ ಫೋನು

ಬೀದಿ ಗುಡಿಸುವ ಹನ್ನೊಂದು ಹೆಂಗಸರು ಒಂದೇ ಫೋನಿನಲ್ಲಿ ಹಾಜರಿ ಹಾಕುತ್ತಿದ್ದರು. ಹಾಜರಿ ಕಾಯುವ ಎಐ, ಯಾವುದಕ್ಕೆ ದಾಳಿ ಎನ್ನಬೇಕೆಂದು ಅರ್ಥ ಬರೆದಿಟ್ಟ ತನ್ನ ಪದಕೋಶ ತೆರೆದು ನೋಡಿತು. ಇದು ಸೈಬರ್ ದಾಳಿ ಎಂದು ಹನ್ನೊಂದು ಹೆಸರನ್ನೂ ಕಿತ್ತುಹಾಕಿತು.

ಆ ಹನ್ನೊಂದರಲ್ಲಿ ದೇವೀರಮ್ಮನೂ ಒಬ್ಬಳು. “ಆ ಪದಕೋಶ ಬರ್ದೋಳು ನೀನೇ ಅಲ್ವೇನೇ?” ಎಂದು, ಆ ಎಐ ಕಚೇರಿಯಲ್ಲೇ ಕೆಲಸಕ್ಕಿದ್ದ ಮಗಳು ಸುಕನ್ಯಾಳನ್ನು ಕೇಳಿದಳು.

ಸುಕನ್ಯಾ ತಲೆ ತಗ್ಗಿಸಿದಳು. ‘ಒಂದೇ ಫೋನಿನಿಂದ ಹಲವರು ಒಳಬಂದರೆ ದಾಳಿ’ ಎಂದು ಬರೆದಿದ್ದು ಅವಳೇ.

“ಹಂಗಾರೆ ತಿದ್ದು. ಇಲ್ಲದೋರು ಹಂಚ್ಕೊಂತಾರೆ ಅಂತ ಸೇರ್ಸು. ನಾವೇನ್ ಕಳ್ಳರಾ?”

ಮರುದಿನ ಸುಕನ್ಯಾ ಕಚೇರಿಯಲ್ಲಿ ಕೂತು ಪದಕೋಶಕ್ಕೆ ಅದನ್ನೇ ಸೇರಿಸಿದಳು. ಐದು ನಿಮಿಷ ಕಳೆದಿರಲಿಲ್ಲ, ಸೆಕ್ಯೂರಿಟಿಯವನು ಬಂದು ನಿಂತ.

“ಮೇಡಂ, ಐಡಿ ಕಾರ್ಡ್ ಕೊಟ್ಬಿಡಿ. ನಾನೇನ್ ಮಾಡ್ಲಿ, ಎಐ ಹೇಳೈತೆ.”

ಪರದೆಯ ಮೇಲೆ ಅವಳೇ ಹಿಂದೆ ಬರೆದಿಟ್ಟ ಇನ್ನೊಂದು ಅರ್ಥ ಮೂಡಿತ್ತು: ‘ಒಳದ್ರೋಹಿ: ದಾಳಿಕೋರರಿಗೆ ಒಳಗಿನಿಂದ ಬಾಗಿಲು ತೆರೆಯುವ ನೌಕರ.’